ಗೋಪಾಲಕೃಷ್ಣ ಗೋಖಲೆ ಮತ್ತು ಭಾರತ ಸೇವಕರ ಬಳಗ

ಗೋಪಾಲಕೃಷ್ಣ ಗೋಖಲೆಯವರು 1866ರ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋತಳೂಕ ಗ್ರಾಮದಲ್ಲಿ ಜನಿಸಿದರು. 1879ರಲ್ಲಿ ತಂದೆ ತೀರಿಕೊಂಡಾಗ ಅಣ್ಣ ಗೋವಿಂದರಾಯರು ಓದನ್ನು ತೊರೆದು ಕಾಗಲ್‌ನಲ್ಲಿ ತಿಂಗಳಿಗೆ 15 ರೂಪಾಯಿಗಳ ನೌಕರಿಗೆ ಸೇರಿದರು. ಅದರಲ್ಲಿ 8 ರೂಪಾಯಿಗಳು ಕೊಲ್ಹಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಸಲ್ಲುತ್ತಿದ್ದವು. ಒಬ್ಬನ ಏಳಿಗೆಗಾಗಿ ಇನ್ನೊಬ್ಬನು ತನ್ನ ಪಾಲನ್ನು ಬಿಟ್ಟುಕೊಡುವುದೇ ಸೋದರಭಾವವೆಂಬುದನ್ನು ಗೋಖಲೆಯವರು ಮೊದಲು ಕಂಡದ್ದು ತಮ್ಮ ಮನೆಯಲ್ಲಿಯೇ.

1884ರಲ್ಲಿ ಬಿ.ಎ. ಪದವೀಧರರಾದ ಅವರು ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರಾದರು. ಅಲ್ಪ ವೇತನಕ್ಕೆ 20 ವರ್ಷ ದುಡಿಯುವುದು ಅಲ್ಲಿನ ಕಟ್ಟುಪಾಡು. ಫರ್ಗ್ಯುಸನ್ ಕಾಲೇಜಿನ ಅಧ್ಯಾಪನದಿಂದ 1902ರಲ್ಲಿ ನಿವೃತ್ತರಾಗಿ, ತಮ್ಮನ್ನು ಪೂರ್ಣವಾಗಿ ಸಾರ್ವಜನಿಕ ಕಾರ್ಯಕ್ಕೆ ಅರ್ಪಿಸಿಕೊಂಡರು.

ದೇಶಸೇವೆಯು ಬಿಡುವಿನ ವೇಳೆಯ ಕೆಲಸವಾಗಬಾರದೆಂಬುದು ಅವರ ನಿಲುವು. 1905ರ ಜೂನ್ 12ರಂದು ಪುಣೆಯಲ್ಲಿ ಅವರು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು, ಅಂದರೆ ಭಾರತ ಸೇವಕರ ಸಂಘವನ್ನು, ಸ್ಥಾಪಿಸಿದರು. ಹೊರಗಿನವರಿಗೆ ಇದು ಮಠವೋ ಪಕ್ಷವೋ ಎಂಬ ಸಂದೇಹ ಮೂಡುವುದು ಸಹಜ. ಇಲ್ಲಿ ಕಾವಿಯಿರಲಿಲ್ಲ, ಸಂಸಾರವನ್ನು ತ್ಯಜಿಸಬೇಕಾಗಿರಲಿಲ್ಲ, ಆದರೆ ದೀಕ್ಷೆಯಿತ್ತು. ಸದಸ್ಯನಾಗುವವನು ಏಳು ಪ್ರತಿಜ್ಞೆಗಳನ್ನು ಕೈಗೊಳ್ಳಬೇಕಿತ್ತು. ದೇಶಕ್ಕೆ ಮನಸ್ಸಿನಲ್ಲಿ ಅಗ್ರಸ್ಥಾನ ಕೊಡುವುದು, ಸೇವೆಯಿಂದ ಸ್ವಂತ ಲಾಭ ಪಡೆಯದಿರುವುದು, ಜಾತಿಮತಗಳನ್ನೆಣಿಸದೆ ಭಾರತೀಯರೆಲ್ಲರನ್ನೂ ಸೋದರರೆಂದು ಕಾಣುವುದು, ಸಂಘವು ಕೊಡುವ ಜೀವನಾಂಶದಲ್ಲಿ ತೃಪ್ತನಾಗಿ ಹಣಗಳಿಕೆಗೆ ಶ್ರಮಿಸದಿರುವುದು, ಶುದ್ಧ ಜೀವನ ನಡೆಸುವುದು, ಯಾರೊಡನೆಯೂ ವೈಯಕ್ತಿಕ ಕಲಹಕ್ಕಿಳಿಯದಿರುವುದು, ಸಂಘದ ಧ್ಯೇಯವನ್ನು ಮರೆಯದಿರುವುದು ಇವೇ ಆ ಏಳು. ಇದಕ್ಕೆ ಐದು ವರ್ಷಗಳ ತರಬೇತಿಯೂ ಸೇರಿತ್ತು. ಭಾವಾವೇಶವೊಂದೇ ಸಾಲದು, ದೇಶದ ಸ್ಥಿತಿಗತಿಗಳ ಅಧ್ಯಯನವೂ ಬೇಕೆಂಬುದು ಇದರ ಆಶಯ. ವಿ.ಎಸ್. ಶ್ರೀನಿವಾಸ ಶಾಸ್ತ್ರಿ, ಎನ್.ಎಂ. ಜೋಶಿ, ಠಕ್ಕರ್ ಬಾಪಾ ಮೊದಲಾದವರು ಈ ಬಳಗವನ್ನು ಸೇರಿದರು.

1915ರ ಫೆಬ್ರವರಿ 19ರಂದು, ತಮ್ಮ 48ನೆಯ ವಯಸ್ಸಿನಲ್ಲಿ, ಗೋಖಲೆಯವರು ನಿಧನರಾದರು. ಅವರನ್ನು ರಾಜಕೀಯ ಗುರುವೆಂದು ಭಾವಿಸಿದ್ದ ಗಾಂಧೀಜಿ ಸಂಘವನ್ನು ಸೇರಲು ಬಯಸಿದರು. ಸದಸ್ಯರಲ್ಲಿ ಕೆಲವರಿಗೆ ಅವರ ಕಾರ್ಯವಿಧಾನ ಒಪ್ಪಿಗೆಯಾಗಲಿಲ್ಲ. ಬಳಗದಲ್ಲಿ ಬಿರುಕು ಮೂಡಬಾರದೆಂದು ಗಾಂಧೀಜಿಯೇ ತಮ್ಮ ಅರ್ಜಿಯನ್ನು ಹಿಂದಕ್ಕೆ ಪಡೆದರು. ಆದರೆ ಸ್ನೇಹವನ್ನು ಬಿಡಲಿಲ್ಲ. ಸಂಘದ ಪ್ರತಿಜ್ಞೆಯ ತಿರುಳನ್ನು ಹೊರಗುಳಿದವರೊಬ್ಬರು ಹೀಗೆ ಪಾಲಿಸಿದರು.

ಕನ್ನಡದಲ್ಲಿ ಡಿ.ವಿ. ಗುಂಡಪ್ಪನವರು ಗೋಖಲೆಯವರ ಜೀವನಚರಿತ್ರೆಯನ್ನು ಬರೆದರಲ್ಲದೆ, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಹಿಂದೆ ಅಣ್ಣನೊಬ್ಬನು ತಮ್ಮನಿಗಾಗಿ ತೆಗೆದಿರಿಸಿದ 8 ರೂಪಾಯಿಗಳ ಋಣವು ಹೀಗೆ ಅನೇಕರ ಮೂಲಕ ಸಮಾಜಕ್ಕೆ ಸಂದಾಯವಾಯಿತು.