ತಡೆದು ಎಸೆದ ಚೆಂಡು: ಸ್ಯಾಚೆಲ್ ಪೇಜ್ ಜೀವನ

ಕ್ರಿಕೆಟ್‌ನಲ್ಲಿ ಬೌಲರ್ ಚೆಂಡು ಎಸೆಯುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ಅದು ಅಕ್ರಮ ಎಸೆತ. ಬೇಸ್‌ಬಾಲ್‌ನಲ್ಲಿ ಅಂಪೈರ್ ಗಮನಿಸುವುದು ಬೇರೆಯದನ್ನು. ಬ್ಯಾಟರ್‌ನತ್ತ ಚೆಂಡೆಸೆಯಲು ಮೈ ಚಲಿಸಲಾರಂಭಿಸಿದ ಪಿಚರ್, ನಡುವೆ ನಿಲ್ಲಿಸದೆ ಆ ಚಲನೆಯನ್ನು ಮುಗಿಸಬೇಕು. ಬೇಸ್‌ನಲ್ಲಿ ಓಟಗಾರನಿದ್ದಾಗ ಇದಕ್ಕೆ ತಪ್ಪಿದರೆ ಅದು 'ಬಾಕ್'. ಓಟಗಾರನಿಗೆ ಒಂದು ಬೇಸ್ ಪುಕ್ಕಟೆ ಸಿಗುತ್ತದೆ.

ಈ ನಿಯಮದ ಅಂಚಿನಲ್ಲಿ ಆಡಿದ ಮಹಾನ್ ಪಿಚರ್ ಲೆರಾಯ್ ಪೇಜ್. ಅವರು ಹುಟ್ಟಿದ್ದು 1906ರ ಜುಲೈ 7ರಂದು, ಅಮೆರಿಕದ ಅಲಬಾಮ ರಾಜ್ಯದಲ್ಲಿ, ಬಡ ಕಪ್ಪು ಕುಟುಂಬವೊಂದರಲ್ಲಿ. ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ಹೊರುತ್ತಿದ್ದುದರಿಂದ 'ಸ್ಯಾಚೆಲ್', ಅಂದರೆ ಕೈಚೀಲ, ಎಂಬ ಹೆಸರು ಬಂತು. ಹನ್ನೆರಡನೆಯ ವಯಸ್ಸಿನಲ್ಲಿ ಕಳ್ಳತನಕ್ಕಾಗಿ ಬಾಲಾಪರಾಧಿಗಳ ಶಾಲೆ ಸೇರಿದರು. ಚೆಂಡೆಸೆಯುವ ವಿದ್ಯೆಯನ್ನು ಕಲಿತದ್ದು ಅಲ್ಲಿಯೇ.

1926ರಲ್ಲಿ ವೃತ್ತಿ ಆಟಗಾರರಾದರೂ ಮೇಜರ್ ಲೀಗ್‌ನ ಬಾಗಿಲು ಕಪ್ಪು ಜನರಿಗೆ ಮುಚ್ಚಿತ್ತು. ಪೇಜ್ ಕಪ್ಪು ಆಟಗಾರರ ಲೀಗ್‌ಗಳಲ್ಲಿ ಊರೂರು ಸುತ್ತಿ ಆಡಿದರು. ಎಡಗಾಲನ್ನು ಮುಂದೆ ಊರಿದ ಮೇಲೂ ತೋಳನ್ನು ಒಂದು ಕ್ಷಣ ತಡೆದು, ಆಮೇಲೆ ಚೆಂಡು ಬಿಡುವುದು ಅವರ ವಿಶೇಷ ಎಸೆತ. ಅಷ್ಟರಲ್ಲಿ ಬ್ಯಾಟರ್ ಬ್ಯಾಟ್ ಬೀಸಿಬಿಟ್ಟಿರುತ್ತಿದ್ದ!

1948ರಲ್ಲಿ, ತಮ್ಮ 42ನೇ ಹುಟ್ಟುಹಬ್ಬದಂದು, ಅವರು ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ತಂಡ ಸೇರಿದರು. ಆಗ ಪ್ರಶ್ನೆ ಎದ್ದಿತು. ಆ ಒಂದು ಕ್ಷಣದ ತಡೆ ಚಲನೆಯ ಭಾಗವೋ, ಚಲನೆಯ ಭಂಗವೋ? ಅಮೆರಿಕನ್ ಲೀಗ್‌ನ ಅಧ್ಯಕ್ಷ ವಿಲ್ ಹ್ಯಾರಿಜ್ ಆ ಎಸೆತವನ್ನು ಅಕ್ರಮವೆಂದು ತೀರ್ಮಾನಿಸಿದರು. ತಮ್ಮ ಹೆಸರಾಂತ ಅಸ್ತ್ರ ಕೈತಪ್ಪಿದರೂ ಪೇಜ್ ಆ ಋತುವಿನಲ್ಲಿ 6 ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತರು. ಅವರ ತಂಡ ವಿಶ್ವ ಸರಣಿಯನ್ನೂ ಗೆದ್ದಿತು. ಆ ಸರಣಿಯಲ್ಲಿ ಚೆಂಡೆಸೆದ ಮೊದಲ ಕಪ್ಪು ಪಿಚರ್ ಅವರೇ.

1965ರಲ್ಲಿ, 59ನೇ ವಯಸ್ಸಿನಲ್ಲಿ, ಮತ್ತೊಮ್ಮೆ ಮೇಜರ್ ಲೀಗ್ ಮೈದಾನಕ್ಕಿಳಿದು ಮೂರು ಇನಿಂಗ್ಸ್ ಎಸೆದು ಒಂದು ರನ್ನನ್ನೂ ಕೊಡಲಿಲ್ಲ. 1971ರಲ್ಲಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. 1982ರ ಜೂನ್ 8ರಂದು ನಿಧನರಾದರು.

ಪೇಜ್ ಎರಡು ತಡೆಗಳನ್ನು ಎದುರಿಸಿದರು. ಎಸೆತದ ಮೇಲಿನ ತಡೆಗೆ ತಲೆಬಾಗಿ ಬೇರೆ ಎಸೆತಗಳಿಂದ ಗೆದ್ದರು. ಬಣ್ಣದ ಮೇಲಿನ ತಡೆ ಯಾವ ನ್ಯಾಯಕ್ಕೂ ಒಪ್ಪುವಂಥದ್ದಲ್ಲ. ಅದು ಅವರ ಹರೆಯದ 22 ವರ್ಷಗಳನ್ನು ಕಸಿದುಕೊಂಡಿತು, ಆದರೆ ಅವರ ಆಟವನ್ನು ನಿಲ್ಲಿಸಲಾಗಲಿಲ್ಲ.