ಕಿಟ್ಟೆಲ್ ಮತ್ತು ಕನ್ನಡದ ಲಯ

ಫರ್ಡಿನಾಂಡ್ ಕಿಟ್ಟೆಲ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ನಿಘಂಟು. ಅವರನ್ನು ಆ ನಿಘಂಟಿನತ್ತ ಕೊಂಡೊಯ್ದ ದಾರಿ ಕಾವ್ಯದ ಲಯದ ಮೂಲಕ ಸಾಗಿತೆಂದು ನಾನು ಭಾವಿಸುತ್ತೇನೆ.

ಅವರು 1832ರ ಏಪ್ರಿಲ್ 7ರಂದು ಜನಿಸಿದ ರೆಸ್ಟರ್‌ಹಾಫೆ, ಜರ್ಮನಿಯ ಪೂರ್ವ ಫ್ರಿಸಿಯಾದ ಹಳ್ಳಿ. ನಾನಿರುವ ಡೀಮೆನ್‌ನಿಂದ ಈಶಾನ್ಯಕ್ಕೆ, ಗಡಿಯಾಚೆಗಿನ ಕರಾವಳಿ ಸೀಮೆಯದು. ಅಲ್ಲಿನ ಆಡುನುಡಿ ಲೋ ಜರ್ಮನ್, ಡಚ್ಚಿಗೆ ಹತ್ತಿರದ್ದು. ಅದರ ಪೂರ್ವರೂಪವಾದ ಹಳೆಯ ಸ್ಯಾಕ್ಸನ್‌ನಲ್ಲಿ 9ನೆಯ ಶತಮಾನದಲ್ಲಿ ‘ಹೇಲಿಯಾಂಡ್’ ಎಂಬ ಸುಮಾರು 6000 ಸಾಲುಗಳ ಕಾವ್ಯ ರಚನೆಯಾಯಿತು. ಯೇಸುವಿನ ಚರಿತೆಯನ್ನು ಅದು ವೀರಗಾಥೆಗಳ ಛಂದಸ್ಸಿನಲ್ಲೇ ನಿರೂಪಿಸಿತು. ಅಕ್ಷರಗಳ ಎಣಿಕೆಗಿಂತ ಉಚ್ಚಾರದ ಒತ್ತು ಮತ್ತು ಪದಗಳ ಮೊದಲ ಧ್ವನಿಯ ಸಾಮ್ಯವೇ ಆ ಛಂದಸ್ಸಿನ ಆಧಾರ.

ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದರು. 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ, ಅದೇ ಯೇಸುವಿನ ಚರಿತೆಯನ್ನು ಭಾರತೀಯ ಹಾಡುಗಬ್ಬದ ಧಾಟಿಯಲ್ಲಿ ಕನ್ನಡಕ್ಕಿಳಿಸಿದರು. ‘ಹೇಲಿಯಾಂಡ್’ ಅವರಿಗೆ ಮಾದರಿಯಾಗಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಎರಡರ ಕ್ರಮವೂ ಒಂದೇ. ಪರದೇಶದ ಕಥೆ ಜನರ ಮನಸ್ಸಿಗಿಳಿಯಬೇಕಾದರೆ ಅವರ ಕಿವಿಗೆ ಪರಿಚಿತವಾದ ಲಯದಲ್ಲಿ ಬರಬೇಕು.

ಆ ಲಯದ ಶಾಸ್ತ್ರವೂ ಅವರ ಅಧ್ಯಯನದ ವಿಷಯವಾಯಿತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಎರಡನೆಯದಕ್ಕೆ ಕನ್ನಡ ಸಾಹಿತ್ಯವನ್ನು ಕುರಿತ ದೀರ್ಘ ಪ್ರಬಂಧವನ್ನೂ ಸೇರಿಸಿದರು. ನಾಗವರ್ಮ ವಿವರಿಸುವ ಅಂಶಗಣಗಳಲ್ಲಿ ಬ್ರಹ್ಮಗಣಕ್ಕೆ ಎರಡು, ವಿಷ್ಣುಗಣಕ್ಕೆ ಮೂರು, ರುದ್ರಗಣಕ್ಕೆ ನಾಲ್ಕು ಅಂಶಗಳು. ತ್ರಿಪದಿಯ ಹನ್ನೊಂದು ಗಣಗಳಲ್ಲಿ 6ನೆಯದು ಮತ್ತು 10ನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಒಂದೇ ಗಣದಲ್ಲಿ ಮಾತ್ರೆಗಳು ಹೆಚ್ಚು ಕಡಿಮೆಯಾಗಬಹುದು. ಬರಹದಲ್ಲಿ ಏರುಪೇರಾಗಿ ಕಾಣುವ ಸಾಲು ಬೀಸುಕಲ್ಲಿನ ಮುಂದೆ ಹಾಡುವಾಗ ಸಮವಾಗುತ್ತದೆ. ವೈದ್ಯನಾದ ನನಗೆ ಇದು ಸಹಜವೆನಿಸುತ್ತದೆ: ಹೃದಯದ ಕೆಲವು ಸಂಗತಿಗಳು ಕಿವಿಗೊಟ್ಟರೆ ಮಾತ್ರ ತಿಳಿಯುತ್ತವೆ.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ನಿಘಂಟಿನಲ್ಲಿ ಕಾವ್ಯಪ್ರಯೋಗಗಳ ಪಕ್ಕದಲ್ಲೇ ಗಾದೆಗಳಿಗೂ ಎಡೆ ದೊರೆಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕನ್ನಡ ವ್ಯಾಕರಣ ಗ್ರಂಥ ಹೊರಬಂದ 1903ರಲ್ಲೇ, ಡಿಸೆಂಬರ್ 18ರಂದು, ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.

ತಮ್ಮ ಮತವನ್ನು ಕೇಳಿಸಲು ಬಂದ ಕಿಟ್ಟೆಲ್, ಅದಕ್ಕಾಗಿ ಮೊದಲು ಕನ್ನಡವನ್ನು ಕೇಳಬೇಕಾಯಿತು. ಅವರ ಉಪದೇಶವನ್ನು ಒಪ್ಪದವರಿಗೂ ಆ ಕೇಳ್ಮೆಯ ಫಲ ದೊರೆತಿದೆ.