ಕ್ಲಾರೆನ್ಸ್ ಜೋರ್ಡನ್

ಕ್ಲಾರೆನ್ಸ್ ಜೋರ್ಡನ್ (ಜುಲೈ 29, 1912 – ಅಕ್ಟೋಬರ್ 29, 1969) ಅಮೆರಿಕದ ಬ್ಯಾಪ್ಟಿಸ್ಟ್ ಧರ್ಮೋಪದೇಶಕರು, ಗ್ರೀಕ್ ವಿದ್ವಾಂಸರು ಹಾಗೂ ಕೃಷಿಕರು. ಜಾರ್ಜಿಯ ರಾಜ್ಯದ ಟಾಲ್ಬಟನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದ ಇವರು ಕೃಷಿ ಪದವಿ ಪಡೆದ ಬಳಿಕ, ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಡಾಕ್ಟರೇಟ್ ಗಳಿಸಿದರು.

ಕೊಯ್ನೋನಿಯ ಫಾರ್ಮ್

1942ರಲ್ಲಿ ಪತ್ನಿ ಫ್ಲಾರೆನ್ಸ್ ಮತ್ತು ಇನ್ನೊಂದು ದಂಪತಿಯೊಡನೆ, ಜಾರ್ಜಿಯದ ಅಮೆರಿಕಸ್ ಪಟ್ಟಣದ ಬಳಿ 440 ಎಕರೆಗಳಲ್ಲಿ ಈ ಸಾಮುದಾಯಿಕ ಕೃಷಿಕ್ಷೇತ್ರವನ್ನು ಸ್ಥಾಪಿಸಿದರು. ವರ್ಣಭೇದವೇ ಕಾನೂನಾಗಿದ್ದ ಆ ಸೀಮೆಯಲ್ಲಿ ಕಪ್ಪು ಮತ್ತು ಬಿಳಿಯ ಜನಾಂಗದವರು ಇಲ್ಲಿ ಜೊತೆಯಾಗಿ ದುಡಿದು ಸಹಭೋಜನ ಮಾಡುತ್ತಿದ್ದರು. ಈ ನಿಲುವಿನ ಕಾರಣದಿಂದಲೇ 1950ರಲ್ಲಿ ಸ್ಥಳೀಯ ರೆಹೊಬೊತ್ ಬ್ಯಾಪ್ಟಿಸ್ಟ್ ಚರ್ಚ್ ಇವರನ್ನು ಸದಸ್ಯತ್ವದಿಂದ ಹೊರಹಾಕಿತು. 1956ರಿಂದ ಊರಿನ ವರ್ತಕರು ಬಹಿಷ್ಕಾರ ಹೂಡಿದರು. ಬೀಜ, ಗೊಬ್ಬರ, ವಿಮೆ ಯಾವುದೂ ದೊರೆಯದಾಯಿತು. ರಸ್ತೆಬದಿಯ ಮಾರಾಟ ಮಳಿಗೆಗೆ ಬಾಂಬ್ ಇಡಲಾಯಿತು, ಮನೆಗಳತ್ತ ಗುಂಡು ಹಾರಿಸಲಾಯಿತು. ನಿವಾಸಿಗಳು ಪ್ರತೀಕಾರಕ್ಕಿಳಿಯದೆ, ಪೆಕಾನ್ ಬೀಜಗಳನ್ನು ಅಂಚೆಯ ಮೂಲಕ ದೂರದೂರಿಗೆ ಮಾರಿ ಉಳಿದುಕೊಂಡರು.

ಕೃತಿ ಮತ್ತು ಪರಂಪರೆ

ಜೋರ್ಡನ್ ಹೊಸ ಒಡಂಬಡಿಕೆಯ ಬಹುಭಾಗವನ್ನು ಅಮೆರಿಕದ ದಕ್ಷಿಣ ರಾಜ್ಯಗಳ ಜನರ ಆಡುನುಡಿಗೆ ತಂದರು; ಅದರಲ್ಲಿ ಜೆರುಸಲೇಮ್ ಅಟ್ಲಾಂಟವಾಗಿದೆ, ಶಿಲುಬೆಯ ಮರಣ ಗುಂಪುಹತ್ಯೆಯಾಗಿದೆ. 1968ರಲ್ಲಿ ಮಿಲರ್ಡ್ ಫುಲ್ಲರ್ ಅವರೊಡನೆ ಬಡವರಿಗಾಗಿ ಬಡ್ಡಿರಹಿತ ವಸತಿ ಯೋಜನೆಯನ್ನು ರೂಪಿಸಿದರು. ಅದೇ ಮುಂದೆ 1976ರಲ್ಲಿ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ಹುಟ್ಟಿಗೆ ಕಾರಣವಾಯಿತು. ಹೃದಯಾಘಾತದಿಂದ ನಿಧನರಾದ ಇವರನ್ನು ಅದೇ ಭೂಮಿಯಲ್ಲಿ, ಹೆಸರಿನ ಕಲ್ಲಿಲ್ಲದ ಸಮಾಧಿಯಲ್ಲಿ ಮಣ್ಣುಮಾಡಲಾಯಿತು.